ಟ್ರೋಲಿಂಗ್ ಬೇರೆ, ಟ್ರಾಲಿಂಗ್ ಬೇರೆ: ಸಣ್ಣ ದೋಣಿಯಲ್ಲಿ 'ಸಾಲ್ಮನ್' ಹಿಡಿಯುವವರ ಕಥೆ ಏನು?

ಚೆನ್ನೈ: ಕಳೆದ ವರ್ಷ ಏಪ್ರಿಲ್ ಮಧ್ಯದಲ್ಲಿ ನಾನೊಂದು ಸುದ್ದಿಗೆ ಶೀರ್ಷಿಕೆ ಕೊಟ್ಟೆ. 'ತಮಿಳುನಾಡು ಕರಾವಳಿಯಲ್ಲಿ ಇಂದಿನಿಂದ ಟ್ರೋಲಿಂಗ್ ನಿಷೇಧ.' ಪುಟಕ್ಕೆ ಹಾಕಿ ಹತ್ತು ನಿಮಿಷವೂ ಆಗಿರಲಿಲ್ಲ, ಹೊನ್ನಾವರದಿಂದ ಚಿಕ್ಕಪ್ಪ ಫೋನ್ ಮಾಡಿದರು. ಅವರದ್ದು ಸಣ್ಣ ನಾಡದೋಣಿ. "ಏನೋ ಇದು, ಗಾಳ ಎಳೆಯುವುದನ್ನೂ ನಿಲ್ಲಿಸಿಬಿಟ್ಟರಾ? ನಮ್ಮ ಕಡೆಗೂ ಬರ್ತದಾ?" ಎಂದು ಕೇಳಿದರು. ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಶೀರ್ಷಿಕೆ ತಿದ್ದಿದೆ. ಅಷ್ಟರಲ್ಲಿ ಅದು ಎಷ್ಟು ವಾಟ್ಸಾಪ್ ಗುಂಪುಗಳಿಗೆ ಹೋಗಿತ್ತೋ ಲೆಕ್ಕವಿಲ್ಲ.

ತಪ್ಪು ಇದ್ದದ್ದು ಒಂದೇ ಅಕ್ಷರದಲ್ಲಿ. ಆದರೆ ಆ ಒಂದು ಅಕ್ಷರದಿಂದ ದೊಡ್ಡ ಬೋಟಿನ ಮೇಲಿನ ನಿಷೇಧ, ಗಾಳ ಹಾಕುವವನ ಹೊಟ್ಟೆಯ ಮೇಲೆ ಬಿದ್ದಂತೆ ಕಾಣುತ್ತದೆ. ಹಾಗಾದರೆ ಏನಿದು ಟ್ರೋಲಿಂಗ್? ಇದರಲ್ಲಿ ಸಿಗುವ 'ಇಂಡಿಯನ್ ಸಾಲ್ಮನ್' ನಿಜಕ್ಕೂ ಸಾಲ್ಮನ್ನೇ? ಹವ್ಯಾಸಕ್ಕೆಂದು ಸಣ್ಣ ದೋಣಿ ಹತ್ತುವವರು ಏನೇನು ತಿಳಿದಿರಬೇಕು?

ಬಲೆ ಎಳೆಯುವುದು ಒಂದು, ಗಾಳ ಎಳೆಯುವುದು ಇನ್ನೊಂದು

ಟ್ರಾಲಿಂಗ್ ಎಂದರೆ ದೊಡ್ಡ ಚೀಲದಂಥ ಬಲೆಯನ್ನು ಸಮುದ್ರದ ತಳದಲ್ಲೋ ನಡುನೀರಿನಲ್ಲೋ ಎಳೆದುಕೊಂಡು ಹೋಗುವುದು. ಬಲೆಯ ಬಾಯಿ ಮುಚ್ಚದಂತೆ ಎರಡೂ ಬದಿಗೆ ಭಾರದ ಹಲಗೆಗಳಿರುತ್ತವೆ. ದಾರಿಯಲ್ಲಿ ಸಿಕ್ಕಿದ್ದೆಲ್ಲ ಒಳಗೆ. ಸಿಗಡಿಗೆಂದು ಹಾಕಿದ ಬಲೆಯಲ್ಲಿ ಮರಿಮೀನು, ಏಡಿ, ನಕ್ಷತ್ರಮೀನು ಎಲ್ಲವೂ ಬರುತ್ತವೆ. ನಮ್ಮ ಕರಾವಳಿಗೆ ಯಾಂತ್ರೀಕೃತ ಟ್ರಾಲ್ ಬೋಟ್‌ಗಳು ದೊಡ್ಡ ಪ್ರಮಾಣದಲ್ಲಿ ಬಂದದ್ದರ ಹಿಂದೆ 1952ರಲ್ಲಿ ಒಪ್ಪಂದವಾದ ಇಂಡೋ-ನಾರ್ವೇಜಿಯನ್ ಯೋಜನೆಯ ದೊಡ್ಡ ಪಾತ್ರವಿದೆ. ಅದು ಶುರುವಾದದ್ದು ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ. ಮುಂದೆ ಕಾರವಾರಕ್ಕೂ ಬಂತು.

ಟ್ರೋಲಿಂಗ್‌ನಲ್ಲಿ ಬಲೆಯೇ ಇಲ್ಲ. ನಿಧಾನವಾಗಿ ಚಲಿಸುವ ದೋಣಿಯ ಹಿಂದೆ ಒಂದೋ ಎರಡೋ ಲೈನ್ ಬಿಟ್ಟು, ತುದಿಯಲ್ಲಿ ಮೀನಿನಂತೆ ಅಲುಗುವ ಕೃತಕ ಬೈಟ್ ಅಥವಾ ನಿಜವಾದ ಸಣ್ಣ ಮೀನು ಕಟ್ಟಿ ಎಳೆಯುವುದು. ಬೇಟೆಮೀನು ಅಟ್ಟಿಸಿಕೊಂಡು ಬಂದು ಕಚ್ಚಬೇಕು. ಒಂದು ಗಾಳಕ್ಕೆ ಒಂದು ಮೀನು, ಅಷ್ಟೇ. ತೂತ್ತುಕುಡಿ ಕಡೆ, ಲಕ್ಷದ್ವೀಪದಲ್ಲಿ ಮೀನುಗಾರರು ಅಂಜಲ್ ಮತ್ತು ಟ್ಯೂನಾ ಹಿಡಿಯಲು ಈ ವಿಧಾನವನ್ನು ಬಳಸುತ್ತಾರೆ. ಹಾಗಾಗಿ ಇದು ಕೇವಲ ಶ್ರೀಮಂತರ ಆಟವಲ್ಲ.

ಗೊಂದಲಕ್ಕೆ ನಾನೊಬ್ಬನೇ ಕಾರಣನಲ್ಲ ಬಿಡಿ. ಮಲಯಾಳಂ ಪತ್ರಿಕೆಗಳಲ್ಲಿ ಟ್ರಾಲ್ ಬೋಟ್ ನಿಷೇಧಕ್ಕೆ 'ಟ್ರೋಲಿಂಗ್ ನಿರೋಧನಂ' ಎಂದೇ ಹೆಸರು. ಅಲ್ಲಿಂದ ಕಾಸರಗೋಡು ದಾಟಿ ಕನ್ನಡಕ್ಕೂ ಈ ಪದ ಹರಿದು ಬಂದಿದೆ. ಇನ್ನು ಸೋಷಿಯಲ್ ಮೀಡಿಯಾದ 'ಟ್ರೋಲ್' ಕೂಡ ಈ ಗಾಳದಿಂದಲೇ ಬಂದದ್ದು ಎಂಬ ವಿವರಣೆ ಸಾಮಾನ್ಯವಾಗಿ ಕೇಳಿಬರುತ್ತದೆ. ಬೈಟ್ ಎಳೆದುಕೊಂಡು ಹೋಗಿ, ಯಾರು ಕಚ್ಚುತ್ತಾರೆ ಎಂದು ಕಾಯುವುದು ಎರಡರಲ್ಲೂ ಒಂದೇ.

ನಿಷೇಧ ಯಾರಿಗೆ?

ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ತಲಾ 61 ದಿನ ಮೀನುಗಾರಿಕೆ ನಿಷೇಧವಿರುತ್ತದೆ. ಮೀನುಗಳು ಮೊಟ್ಟೆಯಿಡುವ ಕಾಲಕ್ಕೆ ಬಿಡುವು ಕೊಡುವುದು ಉದ್ದೇಶ. ಕೇರಳ ತನ್ನ ಸಮುದ್ರದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ 52 ದಿನ ಟ್ರಾಲ್ ಬೋಟ್‌ಗಳನ್ನು ನಿಲ್ಲಿಸುತ್ತದೆ.

ಕರ್ನಾಟಕದಲ್ಲಿ ಯಾಂತ್ರೀಕೃತ ದೋಣಿಗಳ ಜತೆಗೆ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಕಟ್ಟಿದ ದೋಣಿಗಳಿಗೂ ಇದು ಅನ್ವಯಿಸುತ್ತದೆ. ಅದಕ್ಕಿಂತ ಕಡಿಮೆ ಸಾಮರ್ಥ್ಯದ ನಾಡದೋಣಿಗಳಿಗೆ ವಿನಾಯಿತಿ ಇದೆ. ಅಂದರೆ ಚಿಕ್ಕಪ್ಪನ ಗಾಳಕ್ಕೆ ಏನೂ ಆಗಿರಲಿಲ್ಲ. ಆದರೆ ಹವ್ಯಾಸಕ್ಕೆಂದು 40 ಅಶ್ವಶಕ್ತಿಯ ಔಟ್‌ಬೋರ್ಡ್ ಕಟ್ಟಿಕೊಂಡು, 'ನನ್ನದು ಟ್ರೋಲಿಂಗ್, ಟ್ರಾಲಿಂಗ್ ಅಲ್ಲ' ಎಂದು ಜೂನ್‌ನಲ್ಲಿ ಮಲ್ಪೆಯಿಂದ ಹೊರಟರೆ ಆ ವಾದ ನಡೆಯಲಾರದು. ಅಲ್ಲಿ ಎಂಜಿನ್ ಲೆಕ್ಕಕ್ಕೆ ಬರುತ್ತದೆ, ಗಾಳವಲ್ಲ. ಹೊರಡುವ ಮುನ್ನ ಆಯಾ ಊರಿನ ಮೀನುಗಾರಿಕೆ ಇಲಾಖೆಯಲ್ಲಿ ಆ ವರ್ಷದ ಆದೇಶ ಕೇಳಿಕೊಳ್ಳುವುದೇ ಕ್ಷೇಮ.

ಸಾಲ್ಮನ್ ಅಲ್ಲದ ಸಾಲ್ಮನ್

ನಾನಿರುವುದು ವೆಸ್ಟ್ ಮಾಂಬಲಂನಲ್ಲಿ. ಹೆಸರು ಕೇಳಿದರೆ ಮಂಡ್ಯದ್ದೋ ಎನಿಸುವ ಆರ್ಯಗೌಡ ರಸ್ತೆಯ ಹತ್ತಿರ. ಮನೆ ಓನರ್ ಮಾಮಿ ಹಾಕಿದ ಮೊದಲ ಷರತ್ತೇ 'ಮೀನು, ಮೊಟ್ಟೆ ಒಳಗೆ ಬರಕೂಡದು'. ಹಾಗಾಗಿ ನನ್ನ ಮೀನಿನ ಅಧ್ಯಯನವೆಲ್ಲ ಮಾಂಬಲಂ ಸ್ಟೇಷನ್ನಿನಿಂದ ಬೀಚ್ ಕಡೆಯ ಲೋಕಲ್ ಹತ್ತಿದ ಮೇಲೆಯೇ. ಕಾಸಿಮೇಡು ಬಂದರಿನಲ್ಲಿ 'ಕಾಲಾ' ಎಂದು ಕೂಗಿ ಮಾರುವ ಮೀನನ್ನು ನೋಡಿದಾಗ, ಇದು ನಮ್ಮ ಊರಿನ ರಾವಸ್ ಅಲ್ಲವೇ ಎಂದು ಗುರುತು ಸಿಕ್ಕಿತು. ಹೋಟೆಲ್ ಮೆನುಗಳಲ್ಲಿ ಇದೇ 'ಇಂಡಿಯನ್ ಸಾಲ್ಮನ್'.

ಹೆಸರು ಹಾಗಿದ್ದರೂ ಇದಕ್ಕೂ ಸಾಲ್ಮನ್‌ಗೂ ಯಾವ ನೆಂಟಸ್ತಿಕೆಯೂ ಇಲ್ಲ. ನಿಜವಾದ ಸಾಲ್ಮನ್ ತಣ್ಣೀರಿನ ಮೀನು. ಅಟ್ಲಾಂಟಿಕ್‌ನಲ್ಲಿ ಒಂದು ಜಾತಿ, ಪೆಸಿಫಿಕ್‌ನಲ್ಲಿ ಚಿನೂಕ್, ಕೋಹೋ, ಸಾಕೈ ಮುಂತಾದವು. ನದಿಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ನದಿಗೆ ಮರಳುತ್ತವೆ. ಬಂಗಾಳ ಕೊಲ್ಲಿಯಲ್ಲಾಗಲಿ ಅರಬ್ಬಿ ಸಮುದ್ರದಲ್ಲಾಗಲಿ ಅವು ಇಲ್ಲ.

ರಾವಸ್‌ನ ವೈಜ್ಞಾನಿಕ ಹೆಸರು ಎಲ್ಯೂಥೆರೋನೀಮಾ ಟೆಟ್ರಾಡ್ಯಾಕ್ಟೈಲಮ್. ಟೆಟ್ರಾಡ್ಯಾಕ್ಟೈಲಮ್ ಎಂದರೆ ನಾಲ್ಕು ಬೆರಳಿನದು. ಪಕ್ಕದ ರೆಕ್ಕೆಯ ಕೆಳಗೆ ದಾರದಂಥ ನಾಲ್ಕು ಎಳೆಗಳಿರುತ್ತವೆ. ಕೆಸರು ನೀರಿನಲ್ಲಿ ಕಣ್ಣು ಕಾಣದಿದ್ದರೂ ಈ ಎಳೆಗಳಿಂದ ತಡವಿ ಸಿಗಡಿ, ಸಣ್ಣ ಮೀನು ಹುಡುಕುತ್ತದೆ. ಈ ಹೆಸರು ಬಂದ ಕಥೆಯೂ ನಮ್ಮ ಪೂರ್ವ ಕರಾವಳಿಯದ್ದೇ. ಸ್ಕಾಟ್ಲೆಂಡ್‌ನ ವೈದ್ಯ ಪ್ಯಾಟ್ರಿಕ್ ರಸೆಲ್ ವಿಶಾಖಪಟ್ಟಣದಲ್ಲಿ ಸಂಗ್ರಹಿಸಿದ ಮೀನುಗಳ ಬಗ್ಗೆ 1803ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಅಲ್ಲಿನ ತೆಲುಗು ಹೆಸರಿನಿಂದಲೇ ದಾಖಲಿಸಿದ್ದ. ಅದನ್ನು ಆಧರಿಸಿ ಜಾರ್ಜ್ ಶಾ 1804ರಲ್ಲಿ ಲ್ಯಾಟಿನ್ ಹೆಸರು ಕೊಟ್ಟ.

ಅಂಗಡಿಯಲ್ಲಿ ಮೋಸ ಹೋಗದಿರಲು ಸುಲಭದ ಗುರುತು ಒಂದಿದೆ. ಮಾಂಸ ಕಿತ್ತಳೆ ಬಣ್ಣದಲ್ಲಿದ್ದು ನಡುವೆ ಬಿಳಿ ಕೊಬ್ಬಿನ ಗೆರೆಗಳಿದ್ದರೆ ಅದು ಆಮದಾದ, ಹೆಚ್ಚಾಗಿ ನಾರ್ವೆಯಲ್ಲಿ ಸಾಕಿದ ಸಾಲ್ಮನ್. ಬಿಳಿಯಾಗಿದ್ದರೆ ರಾವಸ್. ರುಚಿ ಯಾವುದು ಹೆಚ್ಚು ಎಂದು ನನ್ನನ್ನು ಕೇಳಬೇಡಿ, ಹೊನ್ನಾವರದವನ ತೀರ್ಪಿಗೆ ಬೆಲೆ ಇರುವುದಿಲ್ಲ.

ನಡಿಗೆಯ ವೇಗದಲ್ಲಿ ಬೇಟೆ

ಕೆನಡಾದ ಬ್ರಿಟಿಷ್ ಕೊಲಂಬಿಯಾ, ಅಮೆರಿಕದ ವಾಷಿಂಗ್ಟನ್, ಒರೆಗಾನ್ ಕರಾವಳಿಯಲ್ಲಿ ಸಣ್ಣ ದೋಣಿಯಲ್ಲಿ ಕುಟುಂಬ ಸಮೇತ ಸಾಲ್ಮನ್ ಹಿಡಿಯಲು ಹೋಗುವುದು ನಮ್ಮಲ್ಲಿ ಜಾತ್ರೆಗೆ ಹೋದಷ್ಟೇ ಸಾಮಾನ್ಯ. ಅಲ್ಲಿ ಚಿನೂಕ್ ಸಾಲ್ಮನ್ ತಣ್ಣನೆಯ ಆಳದಲ್ಲಿರುತ್ತದೆ. ಲೈನ್ ಮೇಲೆ ತೇಲಿಬಿಡದಂತೆ 'ಡೌನ್‌ರಿಗ್ಗರ್' ಎಂಬ ಸಾಧನ ಬಳಸುತ್ತಾರೆ. ನಾಲ್ಕೂವರೆ ಕಿಲೋ ಆಸುಪಾಸಿನ ಸೀಸದ ಗುಂಡನ್ನು ತಂತಿಯಲ್ಲಿ ಇಳಿಬಿಟ್ಟು, ಅದಕ್ಕೆ ಕ್ಲಿಪ್ಪಿನಿಂದ ಗಾಳದ ಲೈನ್ ಸಿಕ್ಕಿಸುತ್ತಾರೆ. ಮೀನು ಕಚ್ಚಿದ ಕೂಡಲೇ ಕ್ಲಿಪ್ ಬಿಟ್ಟುಕೊಳ್ಳುತ್ತದೆ, ಆಮೇಲೆ ಜಗಳ ಮೀನಿಗೂ ರೀಲ್ ಹಿಡಿದವನಿಗೂ ಮಾತ್ರ. ಬ್ರಿಟಿಷ್ ಕೊಲಂಬಿಯಾದಲ್ಲಿ ಸಾಲ್ಮನ್‌ಗೆ ಮುಳ್ಳಿಲ್ಲದ ಗಾಳವನ್ನೇ ಬಳಸಬೇಕೆಂಬ ನಿಯಮವಿದೆ. ಬೇಡದ ಮೀನನ್ನು ಹೆಚ್ಚು ಗಾಯವಾಗದಂತೆ ವಾಪಸ್ ಬಿಡಲು ಅದು ಅನುಕೂಲ.

ನಮ್ಮ ರಾವಸ್‌ಗೆ ಅಷ್ಟೆಲ್ಲ ಸರಂಜಾಮು ಬೇಡ. ಅದು ಆಳದ ಮೀನಲ್ಲ. ಅಳಿವೆ ಬಾಯಿ, ಕೆಸರುತಳದ ಕರಾವಳಿ, ನೀರಿನ ಬಣ್ಣ ಮಣ್ಣುಗೆಂಪಿನಿಂದ ಹಸಿರಿಗೆ ತಿರುಗುವ ಗೆರೆ, ಇವು ಅದರ ಜಾಗ. ಕಾಳಿ, ಅಘನಾಶಿನಿ, ಶರಾವತಿ ಸಮುದ್ರ ಸೇರುವಂಥ ಕಡೆಗಳನ್ನು ನೆನಪಿಸಿಕೊಳ್ಳಿ. ಉಬ್ಬರ ಇಳಿಯತೊಡಗಿದಾಗ ಸಿಗಡಿಮರಿ, ಸಣ್ಣ ಮೀನುಗಳು ನೀರಿನ ಜತೆ ಹೊರಬರುತ್ತವೆ. ಅವುಗಳಿಗಾಗಿ ಅಳಿವೆ ಬಾಯಲ್ಲಿ ಕಾಯುವ ಮೀನುಗಳಲ್ಲಿ ಇದೂ ಒಂದು.

ಬೈಟ್ ಎಂಟರಿಂದ ಹನ್ನೆರಡು ಸೆಂಟಿಮೀಟರ್ ಉದ್ದದ್ದು ಸಾಕು. ದೋಣಿಯ ಹಿಂದೆ ಇಪ್ಪತ್ತು ಮೂವತ್ತು ಮೀಟರ್ ಲೈನ್. ಎಂಜಿನ್ ಸದ್ದಿನಿಂದ ಅಷ್ಟು ದೂರ ಬೇಕೇ ಬೇಕು. ವೇಗ ಎರಡರಿಂದ ಮೂರು ನಾಟ್, ಅಂದರೆ ಗಂಟೆಗೆ ನಾಲ್ಕರಿಂದ ಐದೂವರೆ ಕಿಲೋಮೀಟರ್. ಜನಜಂಗುಳಿ ಇಲ್ಲದ ಬೆಳಗ್ಗೆ ದೊರೈಸ್ವಾಮಿ ಸಬ್‌ವೇ ದಾಟಿ ಪಾಂಡಿಬಜಾರಿಗೆ ನಡೆದು ಹೋಗುವ ವೇಗ. ಅಂಜಲ್ ಬೇಕೆಂದರೆ ಇದನ್ನು ಇಮ್ಮಡಿಗಿಂತ ಹೆಚ್ಚಿಸಬೇಕು, ಅದು ಓಡುವುದನ್ನೇ ಅಟ್ಟುವ ಮೀನು. ಅಂಜಲ್ ಹಲ್ಲು ಬ್ಲೇಡಿನಂತಿರುವುದರಿಂದ ಬೈಟ್‌ನ ಮುಂದೆ ಒಂದು ತುಂಡು ಸ್ಟೀಲ್ ತಂತಿಯೂ ಬೇಕು. ರಾವಸ್‌ನ ಹಲ್ಲು ಸಣ್ಣ, ಬಾಯಿ ಮರಳುಕಾಗದದಂತೆ ಒರಟು. ದಪ್ಪ ನೈಲಾನ್ ಸಾಕು.

ಇದರಲ್ಲೊಂದು ಚಂದದ ಉಪಾಯವಿದೆ. ದೋಣಿಯನ್ನು ನೇರ ಓಡಿಸದೆ ಹಾವಿನಂತೆ ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ಹೋಗುವುದು. ತಿರುಗುವಾಗ ಹೊರಬದಿಯ ಲೈನ್ ವೇಗ ಪಡೆದು ಮೇಲೆ ಏಳುತ್ತದೆ, ಒಳಬದಿಯದ್ದು ನಿಧಾನವಾಗಿ ಕೆಳಗಿಳಿಯುತ್ತದೆ. ಯಾವ ಬದಿಯಲ್ಲಿ ಮೀನು ಕಚ್ಚಿತು ಎಂದು ನೋಡಿದರೆ ಆ ದಿನ ವೇಗ ಹೆಚ್ಚಿಸಬೇಕೋ ಇಳಿಸಬೇಕೋ ಗೊತ್ತಾಗುತ್ತದೆ. ರೀಲ್‌ನ ಬಿಗಿತವನ್ನು ಲೈನ್ ತಡೆಯುವ ಭಾರದ ಕಾಲು ಭಾಗಕ್ಕೆ ಇಡುವುದು ರೂಢಿ. ಪೂರ್ತಿ ಬಿಗಿದರೆ ಮೊದಲ ಎಳೆತಕ್ಕೇ ಲೈನ್ ತುಂಡು.

ಕೋವಳಂನಲ್ಲಿ ಆದದ್ದು

ಇಷ್ಟೆಲ್ಲ ಓದಿಕೊಂಡು ಫೆಬ್ರವರಿಯ ಒಂದು ಭಾನುವಾರ ಗೆಳೆಯರ ಜತೆ ಈಸಿಆರ್ ರಸ್ತೆ ಹಿಡಿದು ಕೋವಳಂಗೆ ಹೋದೆ. ಬಾಡಿಗೆ ಫೈಬರ್ ದೋಣಿ, ಐದು ಜನ. ಸಮುದ್ರ ಶಾಂತವಾಗಿತ್ತು. ಮೂರು ಗಂಟೆ ಎಳೆದರೂ ರಾವಸ್ ಬರಲಿಲ್ಲ. ಮೊಳಕೈಯುದ್ದದ ಒಂದು ಶೀಲಾ, ಅಂದರೆ ಬರಕುಡ, ಕಚ್ಚಿತು. ಆ ಸಂಭ್ರಮದಲ್ಲಿ ಫೋಟೋ ತೆಗೆಯುತ್ತಿರುವಾಗ ಇನ್ನೊಂದು ಲೈನನ್ನು ಯಾರೂ ನೋಡಿಕೊಳ್ಳಲಿಲ್ಲ. ಅದು ನೀರಿನಲ್ಲಿ ನಿಲ್ಲಿಸಿಟ್ಟಿದ್ದ ಬಲೆಗೆ ಸಿಕ್ಕಿಕೊಂಡಿತು. ನೀರಿನ ಮೇಲೆ ಥರ್ಮಾಕೋಲ್ ತುಂಡುಗಳು ತೇಲುತ್ತಿದ್ದವು, ನಾವು ಕಸ ಎಂದುಕೊಂಡಿದ್ದೆವು.

ಬಲೆಯ ಒಡೆಯ ತನ್ನ ದೋಣಿಯಲ್ಲಿ ಬಂದ. ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. "ನೋಡಿ ಓಡಿಸಪ್ಪಾ. ಬಲೆ ಹರಿದರೆ ಹೊಲಿಯಲು ಎರಡು ದಿನ ಹೋಗುತ್ತದೆ, ಎರಡು ದಿನ ಮನೆಯಲ್ಲಿ ಏನು ಕೊಡಲಿ?" ಎಂದು ತಮಿಳಿನಲ್ಲಿ ಕೇಳಿದ. ನಾವು ಗಾಳವನ್ನು ಬಿಟ್ಟುಕೊಟ್ಟು ಲೈನ್ ಕತ್ತರಿಸಿದೆವು. ಹರಿದ ಕಣ್ಣುಗಳಿಗೆ ಹಣ ಕೊಡಲು ಹೋದರೆ ಮೊದಲು ತೆಗೆದುಕೊಳ್ಳಲಿಲ್ಲ, ದೋಣಿಯವನು ಹೇಳಿದ ಮೇಲೆ ತೆಗೆದುಕೊಂಡ. ಹಿಂತಿರುಗುವಾಗ ದೋಣಿಯವನು ಪ್ರವಾಹದ ಪಾಠ ಮಾಡಿದ. ದಕ್ಷಿಣದಿಂದ ಉತ್ತರಕ್ಕೆ ಹರಿದರೆ 'ತೆಂಡಿ', ಉತ್ತರದಿಂದ ದಕ್ಷಿಣಕ್ಕೆ ಬಂದರೆ 'ವನ್ನಿ'. ಬಲೆ ಯಾವ ಕಡೆಗೆ ಬಾಗಿ ನಿಂತಿದೆ ಎನ್ನುವುದನ್ನು ಅದರಿಂದಲೇ ಊಹಿಸಬೇಕಂತೆ. ತೇಲುಗಳ ಸಾಲು ಕಂಡರೆ ಅಡ್ಡ ಹಾಯದೆ ತುದಿಯವರೆಗೆ ಹೋಗಿ ಸುತ್ತಿಕೊಂಡು ಬರಬೇಕು. ಇದು ಮೊದಲೇ ಹೇಳಿದ್ದರೆ ಚೆನ್ನಾಗಿತ್ತು. ನಾವು ಕೇಳಿರಲಿಲ್ಲ ಎನ್ನುವುದೂ ನಿಜ.

ಹೊರಡುವ ಮುನ್ನ

ಲೈಫ್ ಜಾಕೆಟ್ ದೋಣಿಯ ಮೂಲೆಯಲ್ಲಿದ್ದರೆ ಸಾಲದು, ಮೈಮೇಲಿರಬೇಕು. ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ಅಲೆಗಳ ಮುನ್ಸೂಚನೆ ಕೊಡುತ್ತದೆ, ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಪ್ರಕಟಿಸುತ್ತದೆ. ಎರಡನ್ನೂ ಹಿಂದಿನ ರಾತ್ರಿಯೇ ನೋಡಿ. ಚೆನ್ನೈನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್, ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್ ಸಣ್ಣ ದೋಣಿಯ ಕಾಲವಲ್ಲ. ಸಮುದ್ರದಲ್ಲಿ ತೊಂದರೆಯಾದರೆ ಕರಾವಳಿ ಕಾವಲು ಪಡೆಯ ಸಂಖ್ಯೆ 1554. ಯಾವ ಕಡೆ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸ್ ಎಂದು ದಡದಲ್ಲಿ ಒಬ್ಬರಿಗಾದರೂ ಹೇಳಿ ಹೋಗಿ.

ಇನ್ನು ಅದೃಷ್ಟವಿದ್ದು ದೊಡ್ಡ ರಾವಸ್ಸೇ ಸಿಕ್ಕಿತೆನ್ನಿ. ಫೋಟೋಗೆ ಅದಕ್ಕಿಂತ ಚಂದದ ಮೀನಿಲ್ಲ. ಆದರೆ ಈ ಮೀನಿನ ಬದುಕಿನಲ್ಲೊಂದು ವಿಚಿತ್ರವಿದೆ. ಸಾಮಾನ್ಯವಾಗಿ ಇದು ಮೊದಲು ಗಂಡಾಗಿ ಪ್ರಾಯಕ್ಕೆ ಬರುತ್ತದೆ, ಬೆಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ತಮಿಳರ ಕೊಡುವಾ ಮೀನೂ ಹೀಗೆಯೇ. ಅಂದರೆ ದೊಡ್ಡದೆಲ್ಲ ಹೆಚ್ಚುಕಡಿಮೆ ಮೊಟ್ಟೆಯಿಡುವ ತಾಯಿಮೀನು. ದೊಡ್ಡದನ್ನೇ ಆರಿಸಿ ಆರಿಸಿ ಹಿಡಿದರೆ ಆ ಅಳಿವೆಯಲ್ಲಿ ಉಳಿಯುವುದು ಗಂಡುಗಳ ಗುಂಪು. ಬಲೆಗೆ ಈ ಆಯ್ಕೆ ಇಲ್ಲ, ಬಿದ್ದದ್ದು ಬಿತ್ತು. ಗಾಳ ಹಿಡಿದವನಿಗೆ ಇದೆ. ಗಾಳದ ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಕೊಂಡಿದ್ದರೆ ಬಿಡಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಒದ್ದೆ ಕೈಯಲ್ಲಿ ಹಿಡಿದು, ಮೀನನ್ನು ಆದಷ್ಟು ನೀರಿನಲ್ಲೇ ಇಟ್ಟು ಬಿಡಿಸಬೇಕು.

ಚಿಕ್ಕಪ್ಪನಿಗೆ ಇದನ್ನು ಹೇಳಿದೆ. ನಕ್ಕರು. "ನಾನು ಬಿಟ್ಟರೆ ಮುಂದಿನ ಬೋಟಿನವ ಹಿಡೀತಾನೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಚಪ್ಪಟೆ ಮಾಡಿದರೆ ಮೀನು ತಪ್ಪಿಸಿಕೊಳ್ಳೋದಿಲ್ವಾ?" ಎಂದು ಕೇಳಿದರು. ಲೈನ್ ಸಡಿಲ ಬಿಡದಿದ್ದರೆ ಇಲ್ಲ ಎಂದೆ.