ಸಾವಿನ ಮನೆ ಮತ್ತು ನಮ್ಮ ಸಂಘ



ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಸಾವಾದ ಮನೆಯಲ್ಲಿ ಅಂದು ಒಲೆ ಹಚ್ಚುವುದಿಲ್ಲ, ನೆಂಟರು ನೆರೆಯವರು ಅಡುಗೆ ಮಾಡಿ ತರುತ್ತಾರೆ. ಮೂರನೇ ದಿನ ಹಾಲು-ತುಪ್ಪ, ಹನ್ನೊಂದನೇ ದಿನ ತಿಥಿ. ಮಹಾಲಯ ಅಮಾವಾಸ್ಯೆ ಬಂದರೆ ಹಿರಿಯರ ಹಬ್ಬ. ಎಡೆಗೆ ಹೊಸ ಬಟ್ಟೆ, ತೀರಿಕೊಂಡವರು ಇಷ್ಟಪಡುತ್ತಿದ್ದ ತಿಂಡಿ, ಸೇದುವವರಾಗಿದ್ದರೆ ಒಂದು ಕಟ್ಟು ಬೀಡಿ! ಕ್ರೈಸ್ತರು ನವೆಂಬರ್ 2ರಂದು ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತೇವೆ.

ಇವೆಲ್ಲ ಬರೀ ಶಾಸ್ತ್ರವಲ್ಲ. ದುಃಖ ಒಂದೇ ದಿನಕ್ಕೆ ಇಳಿಯುವಂಥದ್ದಲ್ಲ. ಜನ ಮತ್ತೆ ಮತ್ತೆ ಮನೆಗೆ ಬರಬೇಕು, ಹೋದವರ ಹೆಸರು ಹೇಳಿ ಅಳಬೇಕು, ಅವರ ಮಾತು ನೆನೆದು ನಗಲೂಬೇಕು. ಅದಕ್ಕೇ ದಿನಗಳನ್ನು ಗೊತ್ತು ಮಾಡಿದ್ದಾರೆ.

ಆದರೆ ಗಂಡ ಸತ್ತವಳಿಗೆ? ಒಂದು ಸಂಘದ ಸದಸ್ಯೆ ತಿಂಗಳುಗಟ್ಟಲೆ ಸಭೆಗೆ ಬರಲಿಲ್ಲ, ಕಂತನ್ನು ಮಗನ ಕೈಲಿ ಕಳಿಸುತ್ತಿದ್ದರು. ಕಂತು ಬರುತ್ತಿದೆಯಲ್ಲ ಎಂದು ನಾನೂ ಸುಮ್ಮನಿದ್ದೆ, ಅದು ನನ್ನ ತಪ್ಪು. ಕೊನೆಗೆ ಮನೆಗೆ ಹೋದಾಗ ಹೇಳಿದರು: "ಅವರಿಗೋಸ್ಕರ ಅಳ್ತಾ ಕೂತಿದ್ದೆ ಸಿಸ್ಟರ್. ಹಿಡ್ಕೊಂಡು ಬಳೆ ಒಡೆದ್ರು, ಕುಂಕುಮ ಅಳಿಸಿದ್ರು. ಆಮೇಲೆ ಅಳೋಕೂ ನಾಚಿಕೆ ಆಯ್ತು. ಒಡೆದೋರಲ್ಲಿ ನಮ್ಮ ಸಂಘದೋರೂ ಇದ್ರು."

ನಮ್ಮ ಬೆಳಗಾವಿಯ ಪಕ್ಕದ ಕೊಲ್ಹಾಪುರ ಜಿಲ್ಲೆಯಲ್ಲಿ ಹೇರವಾಡ ಎಂಬ ಊರಿದೆ. ಕೋವಿಡ್‌ನಲ್ಲಿ ಎಷ್ಟೋ ಹೆಣ್ಣುಮಕ್ಕಳು ಗಂಡನನ್ನು ಕಳೆದುಕೊಂಡ ಮೇಲೆ, 2022ರ ಮೇ ತಿಂಗಳಲ್ಲಿ ಅಲ್ಲಿನ ಗ್ರಾಮ ಪಂಚಾಯ್ತಿ ಒಂದು ಠರಾವು ಮಾಡಿತು: ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ-ಕಾಲುಂಗುರ ತೆಗೆಸುವುದು ಇನ್ನು ಬೇಡ. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯ್ತಿಗಳಿಗೂ ಇದನ್ನು ಅನುಸರಿಸಲು ಸುತ್ತೋಲೆ ಕಳಿಸಿತು. ನೋಡಿ, ಅವರು ದುಃಖಪಡುವುದನ್ನೋ ಹಿರಿಯರನ್ನು ನೆನೆಯುವುದನ್ನೋ ಬೇಡವೆನ್ನಲಿಲ್ಲ.

ಇನ್ನೊಂದು ಕೆಲಸ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಮರಣ ಪತ್ರ ಇಲ್ಲದೆ ವಿಧವಾ ವೇತನಕ್ಕೆ ಅರ್ಜಿ ಹಾಕಲಾಗದು. ಸೂತಕದ ಮನೆಯವರಿಗೆ ಇದು ನೆನಪಿರುವುದಿಲ್ಲ, ಸಂಘದಿಂದ ಯಾರಾದರೂ ಜೊತೆಗೆ ಹೋಗಿ.

ಆ ಸಂಘದಲ್ಲಿ ಬಳೆ ಮಾತು ಎತ್ತಿದಾಗ ಮೂರು ಸಭೆ ಜಗಳವಾಯಿತು. "ನಮಗೆ ಒಡೆಯುವಾಗ ಯಾರು ಕೇಳಿದ್ರು?" ಎಂದು ಒಬ್ಬ ಅಜ್ಜಿ ಎದ್ದೇ ಹೋದರು. ನಾಲ್ಕನೇ ಸಭೆಗೆ ಅವರೇ ಮೊದಲು ಬಂದು ಕೂತಿದ್ದರು. ಅಂದು ನಡಾವಳಿ ಪುಸ್ತಕದಲ್ಲಿ ಬರೆದರು: ನಾವು ಯಾರ ಬಳೆಯನ್ನೂ ಒಡೆಯುವುದಿಲ್ಲ. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಮೂರು ತಿಂಗಳು, ವಾರಕ್ಕೆ ಇಬ್ಬರಂತೆ ಆ ಮನೆಗೆ ಹೋಗಿ ಕೂರುತ್ತೇವೆ. ಕೆಳಗೆ ಅಜ್ಜಿಯ ಹೆಬ್ಬೆಟ್ಟಿನ ಗುರುತಿದೆ.