ರಾತ್ರಿಯೆಲ್ಲ ಮಲಗಿದರೂ ಸುಸ್ತು ಹೋಗದಿದ್ದರೆ: ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ



ಹಸು ಒಂದು ಹೊತ್ತು ಮೆಲುಕು ಹಾಕದಿದ್ದರೆ ನಮಗೆ ತಕ್ಷಣ ಗೊತ್ತಾಗುತ್ತದೆ. ಹಾಲು ಅರ್ಧ ಲೀಟರ್ ಇಳಿದರೂ ಸಂಜೆಯೊಳಗೆ ಪಶುವೈದ್ಯರಿಗೆ ಫೋನ್ ಹೋಗುತ್ತದೆ. ನಮ್ಮದೇ ಮೈ ತಿಂಗಳುಗಟ್ಟಲೆ ಸುಸ್ತು ಎಂದರೆ ಮಾತ್ರ "ಕೆಲಸ ಜಾಸ್ತಿ, ವಯಸ್ಸೂ ಆಯ್ತು" ಎಂದು ಸುಮ್ಮನಾಗುತ್ತೇವೆ. ಬಹಳ ಸಲ ಅದು ನಿಜವೂ ಹೌದು. ನಾಲ್ಕೂವರೆಗೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೇರಿಗೆ ಹಾಕಿ ಬಂದು, ರಾತ್ರಿ ಹತ್ತೂವರೆಗೆ ಮಲಗುವವರಿಗೆ ಸುಸ್ತಾಗದೆ ಇರುತ್ತದೆಯೇ? ಆದರೆ ನಿದ್ದೆ ಕಡಿಮೆಯಾಗಿ ಬರುವ ಸುಸ್ತು ಬೇರೆ, ನಿದ್ದೆ ಕೆಟ್ಟು ಬರುವ ಸುಸ್ತು ಬೇರೆ. ಮೊದಲನೆಯದು ತವರಿಗೆ ಹೋಗಿ ನಾಲ್ಕು ರಾತ್ರಿ ಚೆನ್ನಾಗಿ ಮಲಗಿದರೆ ಇಳಿಯುತ್ತದೆ. ಎರಡನೆಯದು ಎಂಟು ತಾಸು ಮಲಗಿದರೂ ಇಳಿಯುವುದಿಲ್ಲ. ಇದಕ್ಕೆ ಇರುವ ಕಾರಣಗಳಲ್ಲಿ ಒಂದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವುದು.

ಗಂಟಲಿನಲ್ಲಿ ಏನಾಗುತ್ತದೆ?

ಹಾಲು ಕರೆಯುವ ಯಂತ್ರ ಇಟ್ಟುಕೊಂಡವರು ಕಪ್ಪಿನೊಳಗಿನ ರಬ್ಬರ್ ಲೈನರ್ ನೋಡಿರುತ್ತೀರಿ. ಒಳಗಿನ ಗಾಳಿಯನ್ನು ಯಂತ್ರ ಎಳೆದುಕೊಂಡಾಗ ಹೊರಗಿನ ಗಾಳಿಯ ಒತ್ತಡಕ್ಕೆ ಆ ಮೆತ್ತನೆಯ ರಬ್ಬರ್ ಒಳಕ್ಕೆ ಮುಚ್ಚಿಕೊಳ್ಳುತ್ತದೆ. ನಮ್ಮ ಗಂಟಲಿನ ಹಿಂಭಾಗವೂ ಅಂಥದೇ ಮೆತ್ತನೆಯ ಕೊಳವೆ. ಎಚ್ಚರವಿರುವಾಗ ಸುತ್ತಲಿನ ಸ್ನಾಯುಗಳು ಅದನ್ನು ತೆರೆದು ಹಿಡಿದಿರುತ್ತವೆ. ನಿದ್ದೆ ಹತ್ತಿದಾಗ ಅವು ಸಡಿಲವಾಗುತ್ತವೆ, ಉಸಿರು ಎಳೆದುಕೊಂಡಾಗ ಕೊಳವೆ ಕಿರಿದಾಗಿ ಅದುರುತ್ತದೆ. ಅದೇ ಗೊರಕೆ.

ಬರೀ ಗೊರಕೆ ಕಾಯಿಲೆಯಲ್ಲ. ಕೊಳವೆ ಪೂರ್ತಿ ಮುಚ್ಚಿಕೊಂಡಾಗ ಗೊರಕೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಎದೆ, ಹೊಟ್ಟೆ ಏಳುತ್ತ ಇಳಿಯುತ್ತ ಇದ್ದರೂ ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಕ್ಷಣಮಾತ್ರ ಎಚ್ಚರಗೊಳ್ಳುತ್ತದೆ, ದೊಡ್ಡ ಸದ್ದಿನೊಂದಿಗೆ ಉಸಿರು ತೆರೆಯುತ್ತದೆ. ಮಲಗಿದವರಿಗೆ ಬೆಳಿಗ್ಗೆ ಇದರ ನೆನಪೇ ಇರುವುದಿಲ್ಲ. ಹೀಗೆ ಕನಿಷ್ಠ 10 ಸೆಕೆಂಡ್ ಉಸಿರು ನಿಂತರೆ ಅಥವಾ ಬಹಳ ಕಡಿಮೆಯಾದರೆ ವೈದ್ಯರು ಅದನ್ನು ಒಂದು ಸಲ ಎಂದು ಎಣಿಸುತ್ತಾರೆ. ಗಂಟೆಗೆ 5ರಿಂದ 15 ಸಲ ಆದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಸಲ ಎಂದರೆ ಎರಡು ನಿಮಿಷಕ್ಕೊಮ್ಮೆ ಯಾರೋ ಭುಜ ಅಲುಗಾಡಿಸಿ ಎಬ್ಬಿಸಿದಂತೆ.

ಉಸಿರು ಕಟ್ಟಿದಾಗಲೆಲ್ಲ ದೇಹ ಗಾಬರಿಯ ಹಾರ್ಮೋನುಗಳನ್ನು ಬಿಡುತ್ತದೆ, ರಕ್ತದ ಒತ್ತಡ ಏರುತ್ತದೆ. ರಾತ್ರಿ ಇಳಿಯಬೇಕಾದ ಬಿಪಿ ಇಳಿಯುವುದಿಲ್ಲ. ಮೂರು ಬಗೆಯ ಮಾತ್ರೆ ನುಂಗಿದರೂ ಬಿಪಿ ಹತೋಟಿಗೆ ಬಾರದವರಲ್ಲಿ ಈ ತೊಂದರೆ ಬಹಳ ಸಾಮಾನ್ಯ. ಸಕ್ಕರೆ ಕಾಯಿಲೆ, ಹೃದಯದ ಬಡಿತ ತಪ್ಪುವುದು, ಲಕ್ವ ಇವುಗಳಿಗೂ ಇದಕ್ಕೂ ನಂಟಿದೆ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದೂ ಇದರ ಲಕ್ಷಣವಾಗಿರಬಹುದು. ಮುಚ್ಚಿದ ಗಂಟಲಿನ ವಿರುದ್ಧ ಉಸಿರು ಎಳೆಯುವಾಗ ಎದೆಯೊಳಗೆ ಸೆಳೆತ ಉಂಟಾಗಿ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ. ಮೈಯಲ್ಲಿ ನೀರು ಹೆಚ್ಚಾಗಿದೆ ಎಂದು ತಪ್ಪು ತಿಳಿದ ಹೃದಯ, ಮೂತ್ರ ಹೆಚ್ಚಿಸುವ ಹಾರ್ಮೋನನ್ನು ಬಿಡುತ್ತದೆ. ಶುಗರ್ ನೋಡಿಸಿದರೆ ಸರಿ ಇದೆ, ಆದರೂ ಏಳುವುದು ತಪ್ಪದು. ಅಂಥವರು ನಿದ್ದೆಯ ಕಡೆಗೂ ಗಮನ ಕೊಡಬೇಕು.

ಹೆಣ್ಣುಮಕ್ಕಳಲ್ಲಿ ಇದು ಏಕೆ ತಪ್ಪಿಹೋಗುತ್ತದೆ?

ಗೊರಕೆ ಗಂಡಸರದು ಎಂಬ ಮಾತಿದೆ. ಹೆಂಗಸು ಗೊರಕೆ ಹೊಡೆದರೆ ನಾಚಿಕೆ, ನೆಂಟರ ಮನೆಯಲ್ಲಿ ಮಲಗಲೂ ಸಂಕೋಚ. ಗಂಡನ ಗೊರಕೆಯನ್ನು ನಾವು ಎದ್ದು ಕೇಳಿಸಿಕೊಂಡಿರುತ್ತೇವೆ, ನಮ್ಮ ಗೊರಕೆಯನ್ನು ಎದ್ದು ಕೇಳಿದವರು ಯಾರು? ಲಕ್ಷಣಗಳೂ ಬೇರೆ. ಗಂಡಸರು ಹಗಲು ಕೂತಲ್ಲೇ ತೂಕಡಿಸುತ್ತಾರೆ. ಹೆಂಗಸರು ಹೆಚ್ಚಾಗಿ ಹೇಳುವುದು ಸುಸ್ತು, ಬೆಳಿಗ್ಗೆ ಎದ್ದಾಗ ತಲೆನೋವು, ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಬೇಸರ, ಸಿಡುಕು, ಮರೆವು. ಇದನ್ನೆಲ್ಲ ಕೇಳಿದವರು ರಕ್ತಹೀನತೆ, ಥೈರಾಯ್ಡ್, ಮನಸ್ಸಿನ ಚಿಂತೆ ಎಂದುಕೊಳ್ಳುತ್ತಾರೆ. ಅವು ನಮ್ಮಲ್ಲಿ ಹೆಚ್ಚಾಗಿರುವುದರಿಂದ ಮೊದಲು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸುವುದೇ ಸರಿ. ಅವು ಸರಿಯಿದ್ದೂ ಅಥವಾ ಚಿಕಿತ್ಸೆಯಿಂದ ಸರಿಯಾದ ಮೇಲೂ ಸುಸ್ತು ಉಳಿದರೆ ಅಲ್ಲಿಗೇ ನಿಲ್ಲಬೇಡಿ. ಥೈರಾಯ್ಡ್ ಕಡಿಮೆ ಇರುವವರಿಗೆ ಈ ತೊಂದರೆಯೂ ಜೊತೆಗಿರಬಹುದು.

ವೈದ್ಯರು ಕೇಳುವ 'ಸ್ಟಾಪ್-ಬ್ಯಾಂಗ್' ಎಂಬ ಎಂಟು ಪ್ರಶ್ನೆಗಳಿವೆ: ಜೋರು ಗೊರಕೆ, ಹಗಲು ಸುಸ್ತು, ಉಸಿರು ನಿಂತಿದ್ದನ್ನು ಯಾರಾದರೂ ಕಂಡಿದ್ದಾರೆಯೇ, ಬಿಪಿ, ಮೈತೂಕ, 50 ದಾಟಿದ ವಯಸ್ಸು, 40 ಸೆಂಟಿಮೀಟರಿಗಿಂತ ದಪ್ಪ ಕುತ್ತಿಗೆ. ಎಂಟನೆಯದು ಗಂಡಸಾಗಿರುವುದು! ಅದಕ್ಕೇ ಒಂದು ಅಂಕ. ನಮಗೆ ಶುರುವಿನಲ್ಲೇ ಒಂದು ಅಂಕ ಕಡಿಮೆ. ಹಾಗಾಗಿ ಅಂಕ ಕಡಿಮೆ ಬಂತೆಂದು ಹೆಂಗಸರು ನಿಶ್ಚಿಂತರಾಗುವಂತಿಲ್ಲ.

ಮುಟ್ಟು ನಿಂತ ಮೇಲೆ ಈ ತೊಂದರೆ ಸ್ಪಷ್ಟವಾಗಿ ಹೆಚ್ಚುತ್ತದೆ. ಅಲ್ಲಿಯವರೆಗೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಉಸಿರಾಟಕ್ಕೆ ಚುರುಕು ಕೊಡುತ್ತ ಬಂದಿರುತ್ತದೆ, ಆಮೇಲೆ ಆ ಆಸರೆ ಹೋಗುತ್ತದೆ. ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಇದು ಬೇಗ ಶುರುವಾಗಬಹುದು. ಪಿಸಿಓಡಿ ಇರುವ ಹುಡುಗಿಯರಲ್ಲೂ ಇದೆ. ಗರ್ಭಿಣಿಗೆ ಹಿಂದೆಂದೂ ಇಲ್ಲದ ಗೊರಕೆ ಹೊಸದಾಗಿ ಶುರುವಾದರೆ ತಪಾಸಣೆಗೆ ಹೋದಾಗ ಹೇಳಲೇಬೇಕು, ಬಸುರಿನಲ್ಲಿ ಬಿಪಿ ಏರುವುದಕ್ಕೂ ಅದಕ್ಕೂ ಸಂಬಂಧವಿದೆ. ತೂಕ ಹೆಚ್ಚಿದ್ದರೆ ಅಪಾಯ ಹೆಚ್ಚು, ಆದರೆ ಸಣ್ಣಗಿರುವವರಿಗೆ ಬರುವುದಿಲ್ಲ ಎಂದಲ್ಲ. ದವಡೆ ಚಿಕ್ಕದಿದ್ದು ಹಿಂದಕ್ಕಿದ್ದರೆ, ಟಾನ್ಸಿಲ್ ದೊಡ್ಡದಿದ್ದರೆ ಅವರಿಗೂ ಬರುತ್ತದೆ.

ಪರೀಕ್ಷೆಯ ರಾತ್ರಿ ಕೊಟ್ಟಿಗೆ ಯಾರಿಗೆ?

ಮೊದಲ ಪರೀಕ್ಷೆ ಮನೆಯಲ್ಲೇ ಆಗಬಹುದು. ಮಗಳಿಗೋ ಸೊಸೆಗೋ ಹೇಳಿ, ನೀವು ಮಲಗಿದ ಮೇಲೆ ಹತ್ತು ನಿಮಿಷ ಮೊಬೈಲಿನಲ್ಲಿ ವಿಡಿಯೋ ಮಾಡಿಸಿ. ಬೆಳಗಿನ ಜಾವ ಮಾಡಿದರೆ ಇನ್ನೂ ಒಳ್ಳೆಯದು. ಕಿವಿ ಕಣ್ಣು ಇಡಬೇಕಾದ್ದು ಗೊರಕೆ ನಿಂತು ಮೌನವಾಗುವ ಹೊತ್ತಿಗೆ. ಆ ವಿಡಿಯೋ, ಬಿಪಿ ಚೀಟಿ, ನುಂಗುವ ಮಾತ್ರೆಗಳನ್ನು ಹಿಡಿದುಕೊಂಡು ಕಿವಿ-ಮೂಗು-ಗಂಟಲಿನ ವೈದ್ಯರನ್ನೋ ಶ್ವಾಸಕೋಶದ ವೈದ್ಯರನ್ನೋ ಕಾಣಿ. ಖಚಿತ ಪರೀಕ್ಷೆಗೆ ಸ್ಲೀಪ್ ಸ್ಟಡಿ ಎನ್ನುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಗಳಲ್ಲಿ ಒಂದು ರಾತ್ರಿ ತಲೆಗೆ, ಎದೆಗೆ ವೈರು ಅಂಟಿಸಿ ಮಾಡುತ್ತಾರೆ. ಮನೆಗೇ ಕೊಂಡೊಯ್ಯುವ ಚಿಕ್ಕ ಉಪಕರಣಗಳೂ ಇವೆ. ನೋವೇನಿಲ್ಲ.

ಹೈನುಗಾರಿಕೆ ಮಾಡುವ ನಮಗೆ ಇಲ್ಲಿ ಒಂದು ವಿಶೇಷ ಮಾತಿದೆ. ಹೆಂಗಸರಿಗೆ ಉಸಿರು ಕಟ್ಟುವುದು ಹೆಚ್ಚಾಗಿ ಕನಸಿನ ನಿದ್ದೆಯಲ್ಲಿ, ಆ ನಿದ್ದೆ ಹೆಚ್ಚಾಗಿ ಬರುವುದು ಬೆಳಗಿನ ಜಾವದಲ್ಲಿ. ಹಾಲು ಕರೆಯಬೇಕೆಂದು ನಾಲ್ಕಕ್ಕೇ ಎದ್ದುಬಿಟ್ಟರೆ ರಿಪೋರ್ಟಿನಲ್ಲಿ ತೊಂದರೆ ಇರುವುದಕ್ಕಿಂತ ಕಡಿಮೆ ಕಾಣಬಹುದು. ಅದೊಂದು ಬೆಳಿಗ್ಗೆ ಹಾಲನ್ನು ಮನೆಯವರು ಕರೆಯಲಿ.

ಚಿಕಿತ್ಸೆ

ತೊಂದರೆ ಸೌಮ್ಯವಾಗಿದ್ದರೆ ಮಗ್ಗುಲಾಗಿ ಮಲಗುವುದು, ತೂಕ ಇಳಿಸುವುದು, ಕಟ್ಟಿದ ಮೂಗಿಗೆ ಔಷಧಿ ಮಾಡಿಸುವುದು ಸಹಾಯಕ್ಕೆ ಬರುತ್ತವೆ. ಕೆಳದವಡೆಯನ್ನು ಸ್ವಲ್ಪ ಮುಂದಕ್ಕೆ ಹಿಡಿಯುವ ಸಾಧನವನ್ನು ದಂತವೈದ್ಯರು ಮಾಡಿಕೊಡುತ್ತಾರೆ. ನಿದ್ದೆ ಬರುವುದಿಲ್ಲವೆಂದು ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ಕೇಳಿ ನುಂಗುವುದು ಮಾತ್ರ ಬೇಡವೇ ಬೇಡ, ಅನೇಕ ನಿದ್ದೆ ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸಿ ತೊಂದರೆ ಹೆಚ್ಚಿಸಬಹುದು. ಮದ್ಯವೂ ಅಷ್ಟೇ, ಇದನ್ನು ಮನೆಯ ಗಂಡಸರಿಗೂ ಓದಿ ಹೇಳಿ.

ಮಧ್ಯಮ, ತೀವ್ರ ಹಂತದವರಿಗೆ ಮುಖ್ಯ ಚಿಕಿತ್ಸೆ ಸಿಪ್ಯಾಪ್ ಯಂತ್ರ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಜೊತೆಗಾರರು ಇದನ್ನು 1981ರಲ್ಲಿ ಜಗತ್ತಿಗೆ ತಿಳಿಸಿದರು. ಮೂಗಿನ ಮೇಲಿಟ್ಟ ಮಾಸ್ಕಿನ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಬಂದು ಗಂಟಲಿನ ಕೊಳವೆ ಮುಚ್ಚಿಕೊಳ್ಳದಂತೆ ಒಳಗಿನಿಂದ ಹಿಡಿಯುತ್ತದೆ. ಮಾಸ್ಕಿಗೆ ಹೊಂದಿಕೊಳ್ಳಲು ಕೆಲವರಿಗೆ ವಾರಗಳೇ ಬೇಕು, ಸುಸ್ತು ಮಾತ್ರ ಹಲವರಿಗೆ ಬೇಗ ಇಳಿಯುತ್ತದೆ. ಬಿಪಿ ಇಳಿಯುವುದು ಸ್ವಲ್ಪವೇ, ಆದ್ದರಿಂದ ಯಂತ್ರ ಬಂತೆಂದು ಬಿಪಿ ಮಾತ್ರೆ ಬಿಡಬೇಡಿ. ಮಾಸ್ಕನ್ನು ದಿನವೂ ಸೋಪು ನೀರಿನಲ್ಲಿ ತೊಳೆದು ಒಣಗಿಸಬೇಕು. ಹಾಲಿನ ಕ್ಯಾನ್ ತೊಳೆಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕರೆಂಟ್ ಹೋದರೆ ಯಂತ್ರ ನಿಲ್ಲುವುದರಿಂದ ಮನೆಯಲ್ಲಿ ಯುಪಿಎಸ್ ಇದ್ದರೆ ಅನುಕೂಲ. ಬೆಲೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ, ಕೊಳ್ಳುವ ಮೊದಲು ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಿ ನೋಡಿ.

ಯಾವುದೇ ಆಪರೇಷನ್‌ಗೆ ದಾಖಲಾದಾಗ, ಸಂತಾನಹರಣದ್ದೇ ಇರಲಿ, ಅರಿವಳಿಕೆ ಕೊಡುವ ವೈದ್ಯರಿಗೆ "ನನಗೆ ಗೊರಕೆ ಇದೆ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ" ಎಂದು ನೀವಾಗಿಯೇ ಹೇಳಿ. ಚಿಕಿತ್ಸೆ ಆಗುವವರೆಗೆ, ತೂಕಡಿಕೆ ಬರುತ್ತಿರುವಾಗ ಸ್ಕೂಟರ್ ಓಡಿಸಬೇಡಿ, ಮೇವು ಕತ್ತರಿಸುವ ಯಂತ್ರಕ್ಕೆ ಕೈ ಹಾಕಬೇಡಿ. ಮನೆಯಲ್ಲಿ ಹಾಲಿನ ವ್ಯಾನ್ ಓಡಿಸುವ ಗಂಡನೋ ಮಗನೋ ಇದ್ದು ಅವರಿಗೆ ಇಂಥ ಗೊರಕೆ ಇದ್ದರೆ, ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.