ಆರು ತಿಂಗಳ ಸೆರೆವಾಸದ ಪಾಠ

ಹಾವೇರಿ ಜಿಲ್ಲೆಯ ಹತ್ತಿ ಬೀಜೋತ್ಪಾದನೆಯ ಹೊಲಕ್ಕೆ ಸಂಜೆ ಹೊತ್ತು ಹೋಗಿ ನೋಡಿ. ಹೆಣ್ಣಾಳುಗಳು ಸಾಲು ಹಿಡಿದು, ನಾಳೆ ಅರಳಲಿರುವ ಮೊಗ್ಗನ್ನು ಉಗುರಿನಿಂದ ಸೀಳಿ ಕೇಸರ ಕಿತ್ತುಹಾಕುತ್ತಿರುತ್ತಾರೆ. ಮರುದಿನ ಬೆಳಿಗ್ಗೆ ಗಂಡು ಹೂವು ತಂದು ಅದೇ ಮೊಗ್ಗಿಗೆ ಸವರುತ್ತಾರೆ. ಅವರ ಬಾಯಲ್ಲಿ ಇದು ‘ಕ್ರಾಸಿಂಗ್’. ತಳಿ ಬೆರೆಸುವ ವಿದ್ಯೆ ಇಲ್ಲಿ ದಿನಗೂಲಿಯ ಕೆಲಸ.

2002ರಲ್ಲಿ ಭಾರತದಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಮಣ್ಣಿನ ಬ್ಯಾಕ್ಟೀರಿಯಾವೊಂದರ ಜೀನ್ ಹತ್ತಿ ಗಿಡದೊಳಗೆ ಹೊಕ್ಕಿತು. ಮೊದಮೊದಲು ಕಾಯಿಕೊರಕ ಸತ್ತಿತು. ವರ್ಷಗಳು ಕಳೆದಂತೆ ಗುಲಾಬಿ ಕಾಯಿಕೊರಕ ಆ ಜೀನ್ ತಯಾರಿಸುವ ವಿಷವನ್ನೇ ಅರಗಿಸಿಕೊಂಡಿತು.

ಗಿಡದ ಮಾತು ಹೀಗಾದರೆ ಮನುಷ್ಯನದು? ಆಲ್ಡಸ್ ಹಕ್ಸ್‌ಲಿ 1932ರಲ್ಲೇ ‘ಬ್ರೇವ್ ನ್ಯೂ ವರ್ಲ್ಡ್’ ಕಾದಂಬರಿಯಲ್ಲಿ ಮಕ್ಕಳನ್ನು ಬಾಟಲಿಯಲ್ಲಿ ಬೆಳೆಸಿ, ಹುಟ್ಟುವ ಮೊದಲೇ ಮೇಲು ಕೀಳೆಂದು ವಿಂಗಡಿಸಿಟ್ಟ. 2018ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ, ಭ್ರೂಣದಲ್ಲೇ ಜೀನ್ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು ಸಾರಿ, ಕೊನೆಗೆ ಜೈಲು ಸೇರಿದ. ರೋಗಿಯ ರಕ್ತಕೋಶ ತಿದ್ದಿದರೆ ಅದು ಅವನೊಂದಿಗೇ ಮುಗಿಯುತ್ತದೆ. ಭ್ರೂಣ ತಿದ್ದಿದರೆ ಮೊಮ್ಮಕ್ಕಳವರೆಗೂ ಇಳಿಯುತ್ತದೆ. ಸಿದ್ಧಾರ್ಥ ಮುಖರ್ಜಿಯವರ ‘ದಿ ಜೀನ್’ ಓದುವಾಗ ನೆನಪಿಡಬೇಕಾದದ್ದು ಈ ವ್ಯತ್ಯಾಸವನ್ನೇ.

ಯಾರು ಶ್ರೇಷ್ಠ ಎಂಬ ಜಗಳ ಮಾತ್ರ ಈ ನೆಲಕ್ಕೆ ಹಳೆಯದು. ಶಿಗ್ಗಾವಿ ತಾಲ್ಲೂಕಿನ ಬಾಡದ ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತ, ರಾಗಿಗಳನ್ನು ಜಗಳಕ್ಕೆ ನಿಲ್ಲಿಸಿದರು. ರಾಮ ಸಭೆಯಲ್ಲೇ ತೀರ್ಪು ಕೊಡಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸಿದ. ಹೊರಬಂದಾಗ ಭತ್ತ ಸೊರಗಿತ್ತು, ರಾಗಿ ಗಟ್ಟಿಯಾಗೇ ಇತ್ತು.

ಶ್ರೇಷ್ಠತೆಗೆ ಏರುವ ದಾರಿ ಯಾವುದು ಎಂಬುದಕ್ಕೆ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ‘ಭಾರತ ಸಿಂಧುರಶ್ಮಿ’ಯಲ್ಲಿ ವಿಶ್ವಾಮಿತ್ರನ ಕಥೆ ಹಿಡಿದರು. ಅರಸನೊಬ್ಬ ಋಷಿಯಾಗಿ ಮೇಲೇರಿದ್ದು ತಪಸ್ಸಿನಿಂದ. ಅಡ್ಡದಾರಿಯಲ್ಲಿ ಸ್ವರ್ಗಕ್ಕೆ ಹೊರಟ ತ್ರಿಶಂಕು ನಡುವೆಯೇ ನೇತಾಡಿದ.

ಹತ್ತಿಯ ಸೋಲು ಗೆಲುವು ತಿಳಿಯಲು ಹಲವು ಹಂಗಾಮು ಬೇಕಾದವು. ಮನುಷ್ಯನ ‘ಆರು ತಿಂಗಳು’ ಎಂದರೆ ಎಷ್ಟು ತಲೆಮಾರು? ತಪ್ಪಾದರೆ ಮುಂದಿನ ವರ್ಷ ಬೇರೆ ಬೀಜ ತರುತ್ತೇವೆ ಎನ್ನುವಂತಿಲ್ಲ. ಜೀನ್ ತಿದ್ದುವ ಪುಸ್ತಕಗಳನ್ನು ಖಂಡಿತ ಓದಿ. ಅದಕ್ಕೂ ಮೊದಲು ಬಾಡದ ಆ ಪುಟ್ಟ ಕಾವ್ಯ ಓದಿಕೊಳ್ಳಿ.